ಜ್ವರಕ್ಕೆ ಕೂತ ಹುಳುವಿನ ಹೃದಯ

ಪೊರೆ ಬಿಡುವ ಮೊದಲು ರೇಷ್ಮೆ ಹುಳು ಮೇವು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಹುಳು ಸಾಕುವ ಮಡಕಶಿರದ ನಮ್ಮ ಮನೆಯಲ್ಲಿ ಈ ನಿಯಮವನ್ನು ನಾನು ಯಾರಿಗೂ ಸಡಿಲಿಸಿದವಳಲ್ಲ.

ಅದನ್ನು ಸಡಿಲಿಸಲು ಕೇಳಿದವಳು ನನ್ನ ತಮ್ಮನ ಮಗಳು. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಹೆಚ್ಚಿದ ಕಾಲಕ್ಕೆ ಅವನು ಹೆಂಡತಿಯೊಂದಿಗೆ ಅಲ್ಲಿ ನೆಲೆಸಿದ್ದ. ಹುಡುಗಿ ಮಿಷನ್ ಸದ್ದಿನ ನಡುವೆಯೇ ಓದಿ ಎಂ.ಎಸ್‌ಸಿ. ಮುಗಿಸಿದ್ದಳು. ಈಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಸೀಟು ಖಾಲಿಯಿತ್ತು. ಅಲ್ಲಿಯದು ದೇಹವನ್ನು ಕೊಯ್ಯದೆ ಒಳಗಿನ ಚಿತ್ರ ತೆಗೆಯುವ ವಿದ್ಯೆ. ಮರುದಿನ ಸಂದರ್ಶನ. ಜೀವಂತ ಹೃದಯವೊಂದರ ಸ್ಪಷ್ಟ ಚಿತ್ರವನ್ನು ತಾನೇ ತೆಗೆದು ಒಯ್ಯಬೇಕಿತ್ತು. ಅದಕ್ಕೇ ನಮ್ಮ ಮನೆಗೆ ಬಂದಿದ್ದಳು, ಆದರೆ ಬೆಳಿಗ್ಗೆಯಿಂದ ತೆಗೆದದ್ದೆಲ್ಲ ಮಸುಕು. ಮೇಯುವ ಹುಳು ನಿಂತಲ್ಲಿ ನಿಲ್ಲುವುದಿಲ್ಲ.

"ಅತ್ತಿ, ಆ ತಟ್ಟ್ಯಾಗ ಜ್ವರಕ್ಕ ಕುಂತಾವಲ್ರಿ. ಅವು ಅಲ್ಲಾಡಂಗಿಲ್ಲ. ಅದನ್ನ ಕೊಡ್ರಿ."

"ಆಗಕಿಲ್ಲ. ಕದಲಿಸಿದ್ರೆ ಪೊರೆ ಬಿಡಕಾಗ್ದೆ ಸತ್ತೋಗ್ತವೆ."

"ನೀವು ಅರದು ಅರದು ನೋಡಿದವ್ರು. ನಾನು ಬರೀ ನೋಡಾಕಿ. ಯಾಕ ಹೆದರ್ತೀರಿ?"

ಅವಳ ಕುಚೋದ್ಯ ಸುಳ್ಳಲ್ಲ. ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ನಿವೃತ್ತಿಯವರೆಗೆ ನಾನು ಮಾಡಿದ್ದು ಅದೇ ಕೆಲಸ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು, ಆ ರಸದ ಹನಿಯಲ್ಲಿ, ತಾಯಿಯಿಂದ ಮೊಟ್ಟೆಗೆ ದಾಟುವ ಗಂಟುರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಹುಡುಕುವುದು. ಒಳಗನ್ನು ನೋಡಬೇಕಾದರೆ ಅರೆಯಬೇಕು. ಬೇರೆ ದಾರಿ ನನಗೆ ಗೊತ್ತಿರಲಿಲ್ಲ.

"ತಟ್ಟೆ ಇದ್ದ ಜಾಗದಲ್ಲೇ ಇರ್ಬೇಕು. ನಿನ್ನ ಸಾಮಾನು ಅದ್ರತ್ರ ಬರ್ಲಿ. ಕೈ ತೊಳ್ಕೊಂಡು ಬಾ," ಎಂದೆ.

ಅವಳು ಚೀಲದಿಂದ ಕಪ್ಪು ಜೀನ್ಸ್ ಬಟ್ಟೆಯ ಗುಡಾರದಂಥದ್ದೊಂದನ್ನು ತೆಗೆದಳು. ಬೆಳಕು ನುಗ್ಗದಿರಲೆಂದು ಅವಳಮ್ಮ ಪ್ಯಾಂಟಿನಂತೆಯೇ ಜೋಡಿ ಹೊಲಿಗೆ ಹಾಕಿ ಕೊಟ್ಟಿದ್ದಳು. ತಟ್ಟೆಗೆ ತಾಗದಂತೆ ಅದನ್ನು ಹರಡಿ, ಒಳಗೆ ಸಣ್ಣ ಕೆಂಪು ದೀಪ ಹಚ್ಚಿ, ಕ್ಯಾಮೆರಾ ಇಳಿಸಿದಳು. ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ.

ಹುಳುವಿನ ಬೆನ್ನಿನ ಮೇಲೆ ಒಂದು ಗೆರೆ ಮಿಸುಕುವುದನ್ನು ನಾನೂ ಕಂಡಿದ್ದೆ. ಪರದೆಯಲ್ಲಿ ಅದು ಗೆರೆಯಾಗಿರಲಿಲ್ಲ, ನಾಳವಾಗಿತ್ತು. ಬಾಲದ ಕಡೆಯಿಂದ ಹಿಂಡಿಕೊಂಡು ಹೊರಟ ಅಲೆ ತಲೆಯವರೆಗೆ ಸಾಗಿ ಕರಗುವಷ್ಟರಲ್ಲಿ ಇನ್ನೊಂದು ಹೊರಡುತ್ತಿತ್ತು. ಸತ್ತಂತೆ ಕೂತ ಹುಳುವಿನೊಳಗೆ ಎಷ್ಟು ಕೆಲಸ! ಎಷ್ಟು ಹೊತ್ತು ನೋಡಿದೆನೋ, ಉಳಿದ ತಟ್ಟೆಗಳ ಸಂಜೆಯ ಮೇವಿನ ಹೊತ್ತು ಮೀರಿತ್ತು. ನನ್ನ ಮನೆಯಲ್ಲಿ ಮೇವಿನ ಹೊತ್ತು ಮೀರುವುದಿಲ್ಲ.

"ಅತ್ತಿ, ಉಸಿರಾಡ್ರಿ," ಎಂದು ನಕ್ಕಳು.

ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಹೊರಟಾಗಲೂ ಆ ಹುಳು ಹಾಗೆಯೇ ಕೂತಿತ್ತು. ಅವಳ ನಗು ಇಂಗಿತ್ತು. ಸಂದರ್ಶನದ ಕೋಣೆಯ ಬಾಗಿಲಲ್ಲಿ ನಿಂತು ಫೋನ್ ಮಾಡಿದಳು.

"ಬದುಕೈತೇನ್ರಿ? ಜೀವಕ್ಕೇನೂ ಆಗಿಲ್ಲ ಅಂತ ಒಳಗ ಹೇಳಬೇಕು. ಗೊತ್ತಿಲ್ದ ಹೆಂಗ ಹೇಳಲಿ?"

ತಟ್ಟೆಯ ಮೇಲೆ ಬಾಗಿದೆ. ಹಳೆಯ ಪೊರೆ ತಲೆಯ ಹತ್ತಿರ ಸೀಳಿತ್ತು. ಹುಳು ಮೆಲ್ಲಗೆ ಅದರೊಳಗಿಂದ ಮುಂದಕ್ಕೆ ಜಾರುತ್ತಿತ್ತು.

"ಜ್ವರದಿಂದ ಎದ್ದೈತೆ ಕಣಮ್ಮ, ಹೊರಕ್ಕೆ ಬರ್ತಾ ಐತೆ. ಧೈರ್ಯವಾಗಿ ಹೇಳು."

ಸೀಟು ಸಿಕ್ಕಿದ ಸುದ್ದಿ ಆ ವಾರವೇ ಬಂತು. ಆದರೆ ಆ ಬೆಳಿಗ್ಗೆ ಫೋನ್ ಇಟ್ಟ ಮೇಲೂ ನಾನು ಅಲ್ಲಿಂದ ಏಳಲಿಲ್ಲ. ಹೊಸ ಚರ್ಮದ ಕೆಳಗೆ ಅಲೆ ಸಾಗುತ್ತಿತ್ತು.