ನೀರುಗುಳ್ಳೆ

ಬೀದಿಯ ಮಕ್ಕಳಿಗೆಲ್ಲ ಅವನು ನಾಯಿಮಾವ. ಅವನದು ಕುರಿಮಾಂಸದ ಅಂಗಡಿ. ಬಾಗಿಲು ತೆಗೆಯುವ ಮೊದಲೇ ಬೀದಿನಾಯಿಗಳ ಸಂಸಾರವೊಂದು ಮೆಟ್ಟಿಲ ಕೆಳಗೆ ಹಾಜರು. "ಏನ್ರಪ್ಪಾ, ಸಾಹೇಬರೆಲ್ಲ ಬೇಗ ಎದ್ದುಬಿಟ್ರಾ?" ಎಂದು ಮಾತಾಡಿಸದೆ ಅವನು ಬೀಗಕ್ಕೆ ಕೈ ಹಾಕಿದವನಲ್ಲ.

ವ್ಯಾಪಾರದಲ್ಲಿ ಅವನಿಗೊಂದು ಹಟವಿತ್ತು. ಕುರಿಯ ಲಿವರ್ ಕೈಗೆ ಬಂದರೆ ಬೆಳಕಿಗೆ ಹಿಡಿದು, ಬೆರಳಲ್ಲಿ ಒತ್ತಿ ನೋಡಬೇಕು. ಒಮ್ಮೊಮ್ಮೆ ಅದರಲ್ಲಿ ನೀರು ತುಂಬಿದ ಬಿಳೀ ಗುಳ್ಳೆ ಸಿಗುತ್ತಿತ್ತು. ಪಕ್ಕದ ಬೀದಿಯ ಅಂಗಡಿಯವನು ಅಂಥದ್ದನ್ನೂ ಹೆಚ್ಚಿ, ಒಳ್ಳೆಯದರ ಜೊತೆ ಬೆರೆಸಿ ತೂಗಿಬಿಡುತ್ತಿದ್ದ. ಇವನು ಮಾತ್ರ "ಜನ ನಂಬಿ ತಿಂತಾರೆ ಕಣಪ್ಪಾ" ಎಂದು ಗುಳ್ಳೆಗೆ ಚಾಕುವಿನ ತುದಿ ತಾಗಿಸಿ, ನೀರು ಚಿಮ್ಮಿಸಿ, ಇಡೀ ಲಿವರನ್ನು ನಾಯಿಗಳತ್ತ ಎಸೆಯುತ್ತಿದ್ದ. ಗಿರಾಕಿಗೆ ಮೋಸವಿಲ್ಲ, ನಾಯಿಗೆ ಉಪವಾಸವಿಲ್ಲ. ಇದಕ್ಕಿಂತ ನೇರವಾದ ವ್ಯಾಪಾರ ಇನ್ನೇನು ಬೇಕು?

ಹೆಂಡತಿಯದು ಬಾಯಿ ಜೋರು. "ಕಟ್ಟಿಕೊಂಡವಳಿಗಿಂತ ನಾಯಿಗಳೇ ಹೆಚ್ಚಾದ್ವು" ಎಂದು ಬೆಳಗ್ಗೆಯೆಲ್ಲ ರೇಗುವಳು. ಸಂಜೆಯಾದರೆ ಅದೇ ನಾಯಿಗಳನ್ನು ತೊಡೆಗೆಳೆದುಕೊಂಡು ಮೈಯ ಉಣ್ಣೆ ಕೀಳುವಳು, ಮೂತಿಗೆ ಮುದ್ದು ಕೊಡುವಳು. ನಡುನಡುವೆ ಅದೇ ಕೈಯಲ್ಲಿ ಕಡಲೇಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುವಳು.

ಅವಳಿಗೆ ಬಲಪಕ್ಕೆ ನೋವು ಶುರುವಾದಾಗ ಇಬ್ಬರೂ ಗ್ಯಾಸು ಎಂದುಕೊಂಡರು. ನೋವು ಹೆಚ್ಚಾಗಿ ಊಟ ಸೇರದಾದಾಗ ಆಸ್ಪತ್ರೆಗೆ ಹೋದರು. ಸ್ಕ್ಯಾನಿಂಗ್ ನೋಡಿದ ಡಾಕ್ಟರಮ್ಮ ಅವನೊಬ್ಬನನ್ನೇ ಒಳಗೆ ಕರೆದರು.

"ಲಿವರಲ್ಲಿ ನೀರು ತುಂಬಿದ ದೊಡ್ಡ ಗುಳ್ಳೆ ಇದೆ. ನಾಯಿ ಕರುಳಲ್ಲಿರೋ ಒಂದು ಸಣ್ಣ ಹುಳದಿಂದ ಬರುತ್ತೆ. ಅದರ ಮೊಟ್ಟೆ ನಾಯಿಯ ಕಕ್ಕಸಲ್ಲಿರುತ್ತೆ, ಮೈಕೂದಲಿಗೂ ಅಂಟಿರುತ್ತೆ. ಮುಟ್ಟಿದ ಕೈಯಿಂದ ಬಾಯಿಗೆ ಹೋದ್ರೆ ವರ್ಷಗಟ್ಟಲೆ ಒಳಗೇ ಬೆಳೆಯುತ್ತೆ."

"ನಾಯಿಗೆ ಎಲ್ಲಿಂದ ಬರುತ್ತಮ್ಮಾ?"

"ಕುರಿಗೂ ಹೀಗೇ ಗುಳ್ಳೆ ಆಗುತ್ತೆ. ಅದನ್ನ ಹಸಿಹಸೀನೇ ನಾಯಿಗೆ ಹಾಕಿದ್ರೆ ಬರುತ್ತೆ."

ಅವನು ಮೇಜಿನತ್ತ ಬಗ್ಗಿದ. "ಅದನ್ನ ಜನ ತಿಂದ್ರೆ?"

"ತಿಂದವರಿಗೆ ಅದರಿಂದ ಈ ರೋಗ ಬರಲ್ಲ. ನಾಯಿ ಹೊಟ್ಟೆ ಸೇರಿದ್ರೇನೇ ಅದು ಹುಳ ಆಗೋದು. ಆಪರೇಷನ್ ಮಾಡಬೇಕು. ಒಳಗೆ ಒಡೆದುಹೋದ್ರೆ ಜೀವಕ್ಕೇ ಅಪಾಯ, ಹುಷಾರಾಗಿ ತೆಗೀತೀವಿ."

ಆಪರೇಷನ್ ದಿನ ನೆಂಟರೆಲ್ಲ ಹೊರಗಿನ ಬೆಂಚಿನಲ್ಲಿ ಕೂತು ಅವನಿಗೆ ಧೈರ್ಯ ಹೇಳಿದರು. ಪಾಪ, ಅವರಿಗೇನು ಗೊತ್ತು? ಆ ಗುಳ್ಳೆಯ ಸಿಪ್ಪೆ ಎಷ್ಟು ತೆಳು ಎಂಬುದು ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಚಾಕು ತಾಗಿದರೆ ಸಾಕು, ಚಿಳ್ಳೆಂದು ಚಿಮ್ಮುತ್ತದೆ. ತಮಾಷೆಯೆಂಬಂತೆ ಅದೆಷ್ಟು ಗುಳ್ಳೆಗಳನ್ನು ಚುಚ್ಚಿದ್ದನೋ! ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಬಾಗಿಲು ತೆರೆದು ಡಾಕ್ಟರಮ್ಮ "ಒಡೀಲಿಲ್ಲ ಕಣ್ರೀ, ಪೂರ್ತಿ ಬಂತು" ಎಂದಾಗ, ಅಷ್ಟು ದೊಡ್ಡ ಗಂಡಸು ಮಗುವಿನಂತೆ ಅತ್ತುಬಿಟ್ಟ.

ಅವಳು ಎದ್ದು ಗಂಜಿ ಕುಡಿಯುವಷ್ಟಾದ ಮೇಲೆ, ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ. "ನಿನ್ನ ಹೊಟ್ಟೆಗೆ ಅದನ್ನ ಹಾಕಿದ್ದು ನಾನೇ ಕಣೇ."

ಅವಳು ಬೈಯುತ್ತಾಳೆಂದು ಕಾದ. ಬೈದಿದ್ದರೆ ಹಗುರಾಗುತ್ತಿದ್ದ. ಅವಳು ಗಂಜಿಯ ಲೋಟ ಪಕ್ಕಕ್ಕಿಟ್ಟಳು.

"ಅಂದ್ರೆ, ಪಕ್ಕದ ಬೀದಿಯವನ ಹಾಗೆ ನೀವೂ ಜನಕ್ಕೇ ಮಾರಿದ್ದಿದ್ರೆ ನನಗೆ ಇದು ಬರ್ತಿರಲಿಲ್ಲ, ಅಲ್ವಾ?"

ಅವನು ಹೂಂ ಎಂದ.

"ಆದ್ರೂ ಮಾರಬೇಡಿ," ಎಂದಳು. "ಆಳವಾಗಿ ಗುಂಡಿ ತೋಡಿ ಹೂಳಿ, ನಾಯಿಗಳು ಕೆದಕದ ಹಾಗೆ. ಅವಕ್ಕೆ ಹುಳದ ಮಾತ್ರೆ ಕೊಡಿಸಿ. ಮತ್ತೆ ರೀ, ಇನ್ನುಮೇಲೆ ಒಳ್ಳೇದನ್ನೇ ಬೇಯಿಸಿ ಹಾಕಿ. ಪಾಪ ಅವು, ಇಷ್ಟು ವರ್ಷ ನಾವು ಬೇಡ ಅಂದಿದ್ದನ್ನೇ ತಿಂದ್ವಲ್ಲ."

ಮರುದಿನ ಅಂಗಡಿ ತೆರೆದಾಗ ಮೊದಲ ಒಳ್ಳೆಯ ಲಿವರ್ ತಕ್ಕಡಿಗೆ ಹೋಗದೆ ಒಲೆಯ ಮೇಲಿನ ಪಾತ್ರೆಗೆ ಹೋಯಿತು. ಬೇಯುವ ತನಕ ಕಾಯುವ ಅಭ್ಯಾಸವಿಲ್ಲದ ನಾಯಿಗಳು ಮೆಟ್ಟಿಲಿನಿಂದ ಅವನನ್ನು ಒಂದೇ ಸಮನೆ ಬೊಗಳಿ ಬೈದವು. ಅವನು ಒಲೆಯ ಮುಂದೆ ನಿಂತು, ಮನೆಯಲ್ಲಿ ಸಿಗದ ಬೈಗುಳವನ್ನೆಲ್ಲ ಅವುಗಳ ಬಾಯಿಂದಲೇ ಕೇಳಿಸಿಕೊಂಡ.