ಅಳಿಯನಿಗೆ ಕೊಡದ ಮಾತ್ರೆ

1983ರ ಬೇಸಿಗೆ. ತುಮಕೂರಿನ ಮರಳೂರಿನಲ್ಲಿ ನಮ್ಮ ಮನೆ. ಜಿಲ್ಲೆಯ ಒಂದು ದಿನಪತ್ರಿಕೆಗೆ ನಾನು ವರದಿಗಾರನಾಗಿ ಸೇರಿ ಎರಡು ವರ್ಷವಾಗಿತ್ತು. ಅಕ್ಕ ಪದ್ಮಳ ಮದುವೆಯಾಗಿ ಐದು ತಿಂಗಳು. ಭಾವ ತುಮಕೂರು–ಕುಣಿಗಲ್ ಖಾಸಗಿ ಬಸ್ಸಿನ ಡ್ರೈವರ್.

ಸಿ.ಎಸ್. ಪುರದ ಮಾವನ ಮನೆಗೆ ಹೋಗಿದ್ದ ಅಮ್ಮ ರಾಗಿ ಮೂಟೆ ಸರಿಸಲು ಹೋಗಿ ಸೊಂಟ ಹಿಡಿಸಿಕೊಂಡಳು. ಮನೆಗೆ ಕರೆತರುವ ದಾರಿಯಲ್ಲಿ ಗುಬ್ಬಿಯ ಡಾಕ್ಟರಿಗೆ ತೋರಿಸಿದೆವು. ಬಿಗಿದ ಸ್ನಾಯು ಸಡಿಲವಾಗಲೆಂದು ಅವರು ಏಳು ಮಾತ್ರೆ ಕೊಟ್ಟರು. “ರಾತ್ರಿ ಊಟ ಆದ್ಮೇಲೆ ಒಂದೇ ಒಂದು. ತೂಕಡಿಕೆ ಬರುತ್ತೆ, ಮಾರನೇ ದಿನಾನೂ ಮಂಕು ಇರಬಹುದು, ಬಾವಿ ಹತ್ರ ಹೋಗ್ಬೇಡಿ. ಇದು ನಿಮಗೆ ಬರೆದಿರೋದು, ಬೇರೆ ಯಾರಿಗೂ ಕೊಡ್ಬೇಡಿ” ಎಂದು ಎರಡು ಸಲ ಹೇಳಿದರು. ಪಕ್ಕದಲ್ಲಿ ನಾನೂ ಇದ್ದೆ.

ಕೊನೆಯ ಮಾತು ನಮ್ಮ ಮನೆಯ ಪದ್ಧತಿಗೆ ಹೊಂದುವಂಥದ್ದಲ್ಲ. ಯಾರಿಗೆ ಬರೆದ ಮಾತ್ರೆ ಉಳಿದರೂ ಅಡುಗೆಮನೆಯ ಬಿಸ್ಕತ್ತಿನ ಡಬ್ಬಕ್ಕೆ ಸೇರುತ್ತಿತ್ತು. ಬೀದಿಯಲ್ಲಿ ಯಾರಿಗೆ ಮೈಕೈ ನೋವೆಂದರೂ ಅಮ್ಮ ಆ ಡಬ್ಬ ತೆಗೆಯುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಭಾವ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದರು.

“ಗೇರ್ ಹಾಕಕ್ಕೂ ಆಗ್ತಿಲ್ಲ ಕಣಪ್ಪ. ಹತ್ತೂವರೆಗೆ ಕುಣಿಗಲ್ ಟ್ರಿಪ್ ಇದೆ. ಅತ್ತೆಯವ್ರು ಅದ್ಯಾವ್ದೋ ಮಾತ್ರೆ ತಗೊಂಡು ಓಡಾಡ್ತವ್ರಂತಲ್ಲ, ನಂಗೂ ಒಂದು ಕೊಡು.”

ಆಗ ನಮ್ಮಲ್ಲಿ ಅತ್ತೆ ಅಳಿಯನ ಎದುರು ನಿಂತು ಮಾತಾಡುತ್ತಿರಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲ ಮರೆಯಿಂದ ನನಗೆ ಹೇಳುವಳು, ನಾನು ಭಾವನಿಗೆ ಹೇಳುವೆ. ಅವರಿಗೆ ಎಲ್ಲ ಮೊದಲೇ ಕೇಳಿಸಿರುತ್ತಿತ್ತು.

“ಅದು ಕೊಡೋಕಾಗಲ್ಲ ಅಂತ ಹೇಳಪ್ಪ ಅವ್ರಿಗೆ” ಎಂದಳು ಅಮ್ಮ.

“ಒಂದು ಮಾತ್ರೆ ತಾನೇ ಅಮ್ಮ, ಕೊಟ್ಬುಡು” ಎಂದೆ. ಪೊಟ್ಟಣ ಆಗಲೇ ನನ್ನ ಕೈಯಲ್ಲಿತ್ತು. ವಾರಕ್ಕೊಂದಾದರೂ ರಸ್ತೆ ಅಪಘಾತದ ಸುದ್ದಿ ಬರೆಯುತ್ತಿದ್ದವನು, ಡಾಕ್ಟರ ಮಾತನ್ನು ಕಿವಿಯಾರೆ ಕೇಳಿದ್ದವನು ನಾನು. ಹೊಸ ಅಳಿಯ ಮುನಿಸಿಕೊಂಡರೆ ಅಕ್ಕ ಅನುಭವಿಸಬೇಕಲ್ಲ ಎಂಬುದಷ್ಟೇ ಆಗ ನನ್ನ ತಲೆಯಲ್ಲಿತ್ತು.

ಅಮ್ಮ ಸೆರಗು ಹೊದ್ದು ನಡುಮನೆಗೆ ಬಂದಳು. ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡು ಸೆರಗಿನ ತುದಿಗೆ ಗಂಟು ಹಾಕಿ, ಭಾವನನ್ನೇ ನೋಡಿ ಹೇಳಿದಳು.

“ನೆನ್ನೆ ಬೆಳಿಗ್ಗೆ ಒಲೆ ಮುಂದೇನೇ ಕೂತಿದ್ದೆ. ಹಾಲು ಉಕ್ಕಿ ಚೆಲ್ಲೋಯ್ತು. ನೋಡ್ತಾನೇ ಇದ್ದೆ, ಕೈ ಏಳ್ಲಿಲ್ಲ. ನಂದು ಹಾಲಷ್ಟೇ ಹೋಯ್ತು. ನಿಮ್ಮ ಹಿಂದೆ ಐವತ್ತು ಜನ ಕೂತಿರ್ತಾರೆ.”

ಭಾವ ನನ್ನ ಕಡೆ ತಿರುಗಿದರು. “ಹತ್ತು ವರ್ಷದಿಂದ ಸ್ಟೇರಿಂಗ್ ಹಿಡ್ದಿದೀನಿ. ಈ ರೋಡಲ್ಲಿ ಕಣ್ಮುಚ್ಕೊಂಡು ಓಡಿಸ್ತೀನಿ ಅಂತ ಹೇಳಪ್ಪ.”

“ಅದೇ ಭಯ ನಂಗೆ” ಎಂದಳು ಅಮ್ಮ. “ಡಾಕ್ಟ್ರಿಗೆ ತೋರ್ಸಿ. ಅವ್ರು ಕೊಟ್ರೆ ತಗೊಳಿ, ಬಸ್ ಮಾತ್ರ ಓಡಿಸ್ಬೇಡಿ.”

ಭಾವ ಕಾಫಿ ಮುಟ್ಟದೆ ಎದ್ದು ಹೋದರು. ಅಮ್ಮ ಲೋಟ ಎತ್ತಿಕೊಂಡಳು. “ಪದ್ಮಂಗೆ ಏನಂತಾರೋ” ಎಂದಳು. ಆದರೆ ಪೊಟ್ಟಣವನ್ನು ಸೆರಗಿನ ಗಂಟಿನಿಂದ ಬಿಚ್ಚಲಿಲ್ಲ.

ನಾನು ಸೈಕಲ್ ಹತ್ತಿ ಬಸ್ ನಿಲ್ದಾಣಕ್ಕೆ ಹೋದೆ. ಹತ್ತೂವರೆಯ ಬಸ್ಸು ಭರ್ತಿಯಾಗಿತ್ತು. ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇದ್ದರು. “ನಿಮ್ಮ ಭಾವ ರಜ ಹಾಕಿ ಶಿರಾ ಗೇಟ್ ಡಾಕ್ಟರ್ ಹತ್ರ ಹೋದ್ರು. ಮುಖ ಗಡಿಗೆ ಮಾಡ್ಕೊಂಡಿದ್ರು” ಎಂದ ಕಂಡಕ್ಟರ್.

ಐದು ಮಾತ್ರೆಗೆ ಅಮ್ಮನ ನೋವು ಹೋಯಿತು. ಡಾಕ್ಟರು ಸಾಕೆಂದರು. ಉಳಿದ ಎರಡನ್ನೂ ಡಬ್ಬದಲ್ಲಿದ್ದ ಹಳೆಯ ಮಾತ್ರೆಗಳನ್ನೂ ಅಮ್ಮ ಗುಬ್ಬಿಗೇ ಒಯ್ದು ಕಾಂಪೌಂಡರ್ ಕೈಗೆ ಕೊಟ್ಟಳು. ಡಬ್ಬಕ್ಕೆ ಸಾಸಿವೆ ತುಂಬಿದಳು.

ವಾರದ ಮೇಲೆ ಅಕ್ಕ, ಭಾವ ಇಬ್ಬರೂ ಬಂದರು. ಅಮ್ಮ ಮತ್ತೆ ಬಾಗಿಲ ಮರೆಗೆ ಸರಿದಳು. ಭಾವ ನನ್ನನ್ನು ಬಿಟ್ಟು ನೇರವಾಗಿ ಬಾಗಿಲಿಗೇ ಹೇಳಿದರು.

“ಅತ್ತೆ, ನಂಗೂ ಅದೇ ಥರದ ಮಾತ್ರೆ ಕೊಟ್ರು. ಮೂರು ದಿನ ಬಸ್ ಮುಟ್ಬೇಡ ಅಂದ್ರು. ಮೊದಲ್ನೇ ಮಾತ್ರೆ ತಗೊಂಡು ಬೆಳಿಗ್ಗೆ ಎದ್ದು, ಪದ್ಮನ ಚಪ್ಪಲಿ ಹಾಕ್ಕೊಂಡು ಅಂಗಡಿವರ್ಗೂ ಹೋಗ್ಬಂದಿದೀನಿ. ಅವತ್ತಿನ ಕಾಫಿ ಬಾಕಿ ಇದೆ, ಈಗ ಕೊಡಿ.”

ಅಮ್ಮ ನಗುತ್ತ ತಾನೇ ಲೋಟ ತಂದು ಎದುರಿಗಿಟ್ಟಳು. ಆಮೇಲೆ ಎಂದೂ ಆ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ.

ಮುಂದೆ ಆ ರಸ್ತೆಯ ಎಷ್ಟೋ ಅಪಘಾತಗಳನ್ನು ವರದಿ ಮಾಡಿದೆ. ಅಂದಿನ ಹತ್ತೂವರೆಯ ಬಸ್ಸು ಎಲ್ಲ ದಿನದಂತೆ ಕುಣಿಗಲ್ ಸೇರಿತು. ಪತ್ರಿಕೆಗೆ ಅದು ಸುದ್ದಿಯಲ್ಲ. ನನಗೆ ಮಾತ್ರ, ಓದು ಬರಹ ಬಾರದ ಅಮ್ಮ ಡಾಕ್ಟರ ಮಾತನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದಳೆಂಬ ಹೆಮ್ಮೆ ಇಂದಿಗೂ ಇದೆ.