ಸುಟ್ಟ ಆಯಿಲಿನಲ್ಲಿ ಬರೆದ ಹೆಸರು

ಪಾಂಡವಪುರದ ಜವರಪ್ಪಣ್ಣನ ಅಂಗಡಿಯಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಮೇಲೆ ನಾಲ್ಕು ಹೆಸರುಗಳಿದ್ದವು. ಸುಟ್ಟ ಇಂಜಿನ್ ಆಯಿಲಿಗೆ ಬೆರಳು ಅದ್ದಿ ಗೋಡೆಯ ಮೇಲೆ ಬರೆದವು. ಆ ಹೆಸರಿನವರ ಇಂಜಿನ್ನನ್ನು ಆತ ಮುಟ್ಟುತ್ತಿರಲಿಲ್ಲ. ಅವರು ತಮ್ಮಿಂದ ಅನ್ಯಾಯವಾದವರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕು; ಅನ್ಯಾಯವಾದವರು ಸರಿ ಎಂದರೆ ಮಾತ್ರ ಆತ ಬಟ್ಟೆಗೆ ಪೆಟ್ರೋಲು ಸುರಿದು ಹೆಸರು ಉಜ್ಜುತ್ತಿದ್ದ.

"ಸಿಟ್ಟು ಆರಕ್ಕೆ ಬುಡಬಾರ್ದು ಕಣವ್ವ. ತಣ್ಣಗಾದ ಇಂಜಿನ್ನು ಒಂದೇಟ್ಗೆ ಸ್ಟಾರ್ಟ್ ಆಗಕಿಲ್ಲ" ಅನ್ನುತ್ತಿದ್ದ.

ಪಂಪ್‌ಸೆಟ್ ರಿಪೇರಿಯವನು ದೋಣಿ ಇಂಜಿನ್ನಿಗೂ ಕೈ ಹಾಕಿದ್ದು ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ ಮೋಟಾರು ದೋಣಿಗಳು ಬಂದ ಮೇಲೆ. ಪೆಟ್ರೋಲನ್ನು ಅಂಗೈಗೆ ಉಜ್ಜಿ ಮೂಸುತ್ತಿದ್ದ. ಆಮೇಲೆ ಉಪ್ಪಿನಕಾಯಿ ಬಾಟಲಿಗೆ ಸುರಿದು ಬಿಸಿಲಿಗೆ ಹಿಡಿಯುತ್ತಿದ್ದ. "ನಮ್ ಕಬ್ಬಿನ ಸ್ಪಿರಿಟ್ನೇ ಇದಕ್ಕೆ ಸೇರಿಸ್ತಾವ್ರೆ. ಅದು ಗಾಳೀಲಿರೋ ತೇವಾನೂ ಕುಡ್ಕತದೆ. ಕುಡ್ದು ಸಾಕಾದ್ಮೇಲೆ ನೀರು ಜೊತೆ ಸೇರ್ಕಂಡು ತಳಕ್ಕೆ ಕೂತ್ಕತದೆ. ಇಂಜಿನ್ನು ಮೊದ್ಲು ಎಳ್ಕಳದು ತಳದ್ದನ್ನೇ."

ಈ ಪಾಠ ನನಗೆ ತಿಳಿದದ್ದು ಅವಮಾನದಿಂದ. ನಮ್ಮ ಮನೆಯವರು ಹಿನ್ನೀರಿನಲ್ಲಿ ಕೆಂಪರಾಜು ಎಂಬ ಸಾಹುಕಾರನ ದೋಣಿ ನಡೆಸುತ್ತಿದ್ದರು. ಒಂದು ವರ್ಷ ಆಯುಧಪೂಜೆಗೆ ನಾನೂ ಹೋಗಿ ಇಂಜಿನ್ನಿಗೆ ಕುಂಕುಮವಿಟ್ಟು, ತುಳಸಿ ದಳದಿಂದ ಒಂದಿಷ್ಟು ತೀರ್ಥ ಪ್ರೋಕ್ಷಣೆ ಮಾಡಿದೆ. ಟ್ಯಾಂಕಿನ ಮುಚ್ಚಳ ಮುಚ್ಚೇ ಇತ್ತು. ಮಾರನೇ ದಿನ ಸಾಹುಕಾರನ ಬೀಗರನ್ನು ಕೂರಿಸಿಕೊಂಡು ಹೊರಟ ದೋಣಿ ನಡುನೀರಿನಲ್ಲಿ ನಿಂತುಹೋಯಿತು. ಗಾಳಿಗೆ ಸಿಕ್ಕಿ ಎರಡು ಗಂಟೆ ಅಲೆದು ದಡ ಮುಟ್ಟಿತು. ಯಾರಿಗೂ ಏನೂ ಆಗಲಿಲ್ಲ. ಅದು ದೇವರು ಮಾಡಿದ ಮೊದಲ ಉಪಕಾರ.

ಕೆಂಪರಾಜು ಬೀಗರ ಮುಂದೆ ಮುಖ ಉಳಿಸಿಕೊಳ್ಳಬೇಕಿತ್ತು. "ಇವ್ನ ಹೆಂಡ್ರು ಟ್ಯಾಂಕಿಗೆ ತೀರ್ಥ ಉಯ್ದು ಕೆಡಿಸವ್ಳೆ" ಎಂದು ಅಲ್ಲೇ ಇವರನ್ನು ಕೆಲಸದಿಂದ ಬಿಡಿಸಿದ. ಇಂಜಿನ್ ಬಿಚ್ಚಿದ ಜವರಪ್ಪಣ್ಣ ಟ್ಯಾಂಕಿನ ತಳದಲ್ಲಿದ್ದ ನೀರು ತೋರಿಸಿ, "ಒಂದು ಉದ್ಧರಣೆ ತೀರ್ಥಕ್ಕೆ ಇಷ್ಟು ನೀರು ಬಂದದಾ? ಶೆಡ್ನಲ್ಲಿರೋ ನಿನ್ ಪೆಟ್ರೋಲ್ ಕ್ಯಾನ್ ತೋರ್ಸಪ್ಪ" ಅಂದರೆ ಆತ ತೋರಿಸಲಿಲ್ಲ. ಅವತ್ತೇ ಗೋಡೆಗೆ ಐದನೇ ಹೆಸರು ಬಿತ್ತು.

ಮಾತು ಕಿರಂಗೂರಿನ ನಮ್ಮ ಬೀದಿಗೂ ಬಂತು. ಅರಿಶಿನ ಕುಂಕುಮಕ್ಕೆ ಹೋದಲ್ಲಿ "ಇವ್ಳ ಕೈಲಿ ತೀರ್ಥ ಇಸ್ಕಬೇಡ್ರಮ್ಮ, ಮುಳುಗ್ಬುಟ್ಟೀರಿ" ಎಂದು ನಗುತ್ತಿದ್ದರು. ದೇವರ ಮುಂದೆ ಕೂತರೂ ನಾನು ಉದ್ಧರಣೆ ಮುಟ್ಟುತ್ತಿರಲಿಲ್ಲ. ಇವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಮನೆಯಲ್ಲಿ ಒಲೆ ಆರಲಿಲ್ಲ, ಅದು ಎರಡನೇ ಉಪಕಾರ. ಆದರೂ ದಿನಾ ದೀಪ ಹಚ್ಚಿ ನಾನು ಕೇಳಿಕೊಂಡದ್ದು ಒಂದನ್ನೇ: ಅವನ ಬಾಯಿಂದಲೇ ಸತ್ಯ ಬರಲಿ.

ಮುಂದಿನ ವರ್ಷ ದಸರಾಕ್ಕೆ ವಾರವಿರುವಾಗ ಜವರಪ್ಪಣ್ಣನ ಫೋನು ಬಂತು. "ಅವ್ವ, ಒಳ್ಳೇ ಸೀರೆ ಉಟ್ಕಂಡು ಅಂಗ್ಡಿ ತಾವ್ಕೆ ಬಾ."

ಹೋದರೆ ಕೆಂಪರಾಜು ಕೂತಿದ್ದ. ಇಂಜಿನ್ನು ಟೆಂಪೋದಲ್ಲಿತ್ತು, ಪಕ್ಕದಲ್ಲಿ, ಈ ಸಲ ಜವರಪ್ಪಣ್ಣ ತರಿಸಿದ್ದ ಶೆಡ್ಡಿನ ಕ್ಯಾನು. ಮತ್ತೆ ಮತ್ತೆ ನಿಲ್ಲುತ್ತಿದ್ದ ಇಂಜಿನ್ನನ್ನು ಊರೂರು ಸುತ್ತಿಸಿ, ಯಾರ ಕೈಲೂ ಆಗದೆ ಬಂದಿದ್ದ. ಜವರಪ್ಪಣ್ಣ ಕ್ಯಾನಿನ ತಳಕ್ಕೆ ಪೈಪು ಇಳಿಬಿಟ್ಟು ಬಾಟಲಿ ತುಂಬಿಸಿದ. ಮೇಲೆ ಪೆಟ್ರೋಲು, ಕೆಳಗೆ ಅಕ್ಕಿ ತೊಳೆದ ನೀರಿನಂಥದು.

"ಮಳೆಗಾಲ್ವೆಲ್ಲ ಸೋರೋ ಶೆಡ್ನಲ್ಲಿ, ಸಡ್ಲ ಮುಚ್ಳ ಹಾಕಿ ಮಡಗಿದ್ದೀಯ. ಯೋಳಪ್ಪ, ಇದಕ್ಕೂ ತೀರ್ಥ ಉಯ್ದಿದ್ದು ಈಯವ್ವನೇನಾ?"

ಆತ ನೆಲ ನೋಡಿದ.

"ನೆಲಕ್ಕಲ್ಲ, ಈಯವ್ವಂಗೆ ಯೋಳು."

"ತಪ್ಪಾಯ್ತು ಕಣಮ್ಮ. ನಂದೇ ತಪ್ಪು."

ಜವರಪ್ಪಣ್ಣ ಬಟ್ಟೆಗೆ ಪೆಟ್ರೋಲು ಸುರಿದುಕೊಂಡು ಸ್ಟೂಲು ಹತ್ತಿದ. "ಒರಸ್ಲಾ ಅವ್ವ?"

ನಾನು ಗೋಡೆ ನೋಡಿದೆ. ಒಂದು ವರ್ಷ ಉದ್ಧರಣೆ ಮುಟ್ಟದ ನನ್ನ ಕೈಯನ್ನೂ ನೋಡಿಕೊಂಡೆ. "ಬೇಡ ಬುಡಣ್ಣ" ಅಂದೆ.

ಆತ ಸ್ಟೂಲಿನಿಂದ ಇಳಿದು ಬಟ್ಟೆ ಒಣಹಾಕಿದ. "ಕೇಳಿಸ್ಕಂಡ್ಯಲ್ಲಪ್ಪ, ಟೆಂಪೋ ತಿರುಗಿಸ್ಕೊ." ಆ ದಸರಾ ಪೂರ್ತಿ ಕೆಂಪರಾಜುವಿನ ದೋಣಿ ದಡದಲ್ಲೇ ನಿಂತಿತ್ತು. ನಾನು ಒಂಬತ್ತು ದಿನವೂ ನೆಮ್ಮದಿಯಾಗಿ ಪೂಜೆ ಮಾಡಿದೆ. ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಜವರಪ್ಪಣ್ಣ ಹಾಸಿಗೆ ಹಿಡಿದಾಗ ಬಾಳೆಹಣ್ಣು, ಪ್ರಸಾದ ಹಿಡಿದು ನೋಡಲು ಹೋಗಿದ್ದೆ. ದನಿ ಸಣ್ಣಗಾಗಿತ್ತು. "ಮಿಕ್ಕ ನಾಲ್ಕೂ ಕಡೆಯವ್ರು ಹೂಂ ಅಂದ್ರು, ಒರಸ್ಬುಟ್ಟೆ ಕಣವ್ವ. ನಿಂದೊಂದೇ ಉಳ್ದದೆ. ನಾ ಹೋದ್ಮ್ಯಾಲೆ ಯಾರ್ ಒರಸ್ತಾರೆ? ಈಗ್ಲಾದ್ರೂ ಹೂಂ ಅನ್ನು."

ಪ್ರಸಾದವನ್ನು ಆತನ ಕಣ್ಣಿಗೊತ್ತಿ ಬಾಯಿಗಿಟ್ಟೆ. ಹೂಂ ಅನ್ನಲಿಲ್ಲ.

"ನನಗಿಂತ ಗಟ್ಟಿ ಕಣವ್ವ ನೀನು" ಎಂದು ನಕ್ಕ. ಮೂರನೇ ದಿನ ತೀರಿಕೊಂಡ.

ಅಂಗಡಿಯಲ್ಲಿ ಈಗ ಬೇಕರಿ ಇದೆ. ಮೊನ್ನೆ ಬ್ರೆಡ್ಡು ತರಲು ಹೋಗಿದ್ದೆ. ಬೇಕರಿಯವನು ಗೋಡೆ ತೋರಿಸಿ, "ಮೂರು ಸಲ ಸುಣ್ಣ ಹೊಡ್ಸಿದ್ರೂ ಅದೇನೋ ಎಣ್ಣೆ ಕಲೆ ಎದ್ದೆದ್ದು ಬತ್ತದೆ ಕಣಕ್ಕ" ಎಂದು ಗೊಣಗಿದ. ತಲೆಯೆತ್ತಿ ನೋಡಿದೆ. ಬಿಳಿ ಗೋಡೆಯ ಮೇಲೆ ಮಸುಕಾಗಿ, ಆದರೆ ಓದಲು ಬರುವಂತೆ, ಕೆಂಪರಾಜು.

ಇದನ್ನೂ ದೇವರ ಉಪಕಾರಗಳ ಸಾಲಿಗೇ ಸೇರಿಸಿಕೊಂಡಿದ್ದೇನೆ.